ಮಂಚದ ಕೆಳಗಿನ ತೊರೆ

ಫೆಸ್ಟಸ್ ಮ್ಯಾನಿಯನ್‌ಗೆ ಅಕ್ಷರ ಕಲಿಸಿದವಳು ನಾನೇ. ಓದಿನಲ್ಲಿ ಅಷ್ಟಕ್ಕಷ್ಟೆ, ನೆಲದ ವಿಷಯ ಬಂದರೆ ಮಾತ್ರ ನನಗೇ ಪಾಠ ಹೇಳುತ್ತಿದ್ದ. ಯಾವ ಬೇಲಿ ದಾಟಿದರೆ ಯಾವ ಟೌನ್‌ಲ್ಯಾಂಡ್ ಎಂಬುದು ಏಳನೇ ವಯಸ್ಸಿಗೇ ಅವನಿಗೆ ಬಾಯಿಪಾಠ. ನಮ್ಮ ಗಾಲ್ವೇ ಜಿಲ್ಲೆ ಹುಟ್ಟುವ ಎಷ್ಟೋ ಮೊದಲೇ ಇದ್ದ ನೆಲದ ತುಂಡುಗಳು ಅವು. ಹತ್ತಿಪ್ಪತ್ತು ಮನೆ, ಒಂದಿಷ್ಟು ಹುಲ್ಲು, ಒಂದಿಷ್ಟು ಜೌಗು, ಅದಕ್ಕೊಂದು ಹೆಸರು. ಸರ್ವೆಯವರು ಬಂದು ನಕ್ಷೆಯಲ್ಲಿ ಬರೆದುಕೊಂಡರಷ್ಟೆ. ಈಗ ಅಂಚೆಗೆಂದು ಮನೆಗೊಂದು ಸಂಖ್ಯೆ ಬಂದಿದೆ, ಲಕೋಟೆಯ ಮೇಲೆ ಆ ಹೆಸರು ಬರೆಯುವವರೇ ಕಡಿಮೆ. ನನಗೆ ಮೈಯೆಲ್ಲ ಉರಿಯುತ್ತದೆ.

ಆ ಹೆಸರು ಗಟ್ಟಿಯಾಗಿ ಕೇಳಿಸುವುದು ವರ್ಷಕ್ಕೊಮ್ಮೆ, ಆಗಸ್ಟ್ ತಿಂಗಳ ಹಗ್ಗಜಗ್ಗಾಟದ ದಿನ. ಟೌನ್‌ಲ್ಯಾಂಡಿಗೆ ಎಂಟು ಜನ. ಒಬ್ಬ ಕಡಿಮೆಯಾದರೂ ಆ ಟೌನ್‌ಲ್ಯಾಂಡಿನ ಹೆಸರು ಕೂಗುವುದಿಲ್ಲ. ಆ ವರ್ಷ ಫೆಸ್ಟಸ್‌ನ ಕ್ಲೂನ್‌ಬ್ರಾಕ್‌ನಲ್ಲಿ ಹಗ್ಗ ಹಿಡಿಯುವಂಥವರು ಉಳಿದಿದ್ದೇ ಎಂಟು ಮಂದಿ. ಎಂಟನೆಯವನು ಅವನೇ, ಅರವತ್ತೊಂದರ ಪ್ರಾಯ. ಅವನಿಲ್ಲದಿದ್ದರೆ ಕ್ಲೂನ್‌ಬ್ರಾಕ್ ಹೆಸರು ಮೈದಾನದಲ್ಲೂ ಇಲ್ಲ.

ತಕರಾರು ತೆಗೆದವನು ಪಕ್ಕದ ಡೆರಿಕೀಲ್ ತಂಡದ ನಾಯಕ ಕೋಲ್ಮನ್ ಗೆರಟಿ, ಫೆಸ್ಟಸ್‌ನ ಹೆಂಡತಿ ಬೈನಾಳ ಅಣ್ಣ. ಫೆಸ್ಟಸ್‌ನ ಅಜ್ಜ ಎರಡೂ ಟೌನ್‌ಲ್ಯಾಂಡುಗಳ ಗಡಿಯಾದ ತೊರೆಯ ಮೇಲೆ ಚಪ್ಪಡಿ ಹಾಸಿ ಮನೆ ಹಿಗ್ಗಿಸಿದ್ದ. ಹಾಗಾಗಿ ಅಡುಗೆಮನೆ ಕ್ಲೂನ್‌ಬ್ರಾಕ್, ಕೊಟ್ಟಿಗೆ ಡೆರಿಕೀಲ್, ಮಲಗುವ ಕೋಣೆ ಎರಡರ ನಡುವೆ. ನಮ್ಮ ಕಟ್ಟಳೆ ಒಂದೇ: ಎಲ್ಲಿ ಮಲಗುತ್ತೀಯೋ ಅವರ ಕಡೆಗೇ ಹಗ್ಗ ಎಳೆಯಬೇಕು.

"ಈಸ್ಟರ್ ಹೊತ್ತಲ್ಲಿ ಚಿಮಣಿ ರಿಪೇರಿಗೆ ಹೋದಾಗ ನೋಡ್ದೆ, ಟೀಚರ್. ಇವನ ಮಂಚ ನಮ್ ಕಡೆ ಇದೆ," ಎಂದ ಕೋಲ್ಮನ್.

ಫೆಸ್ಟಸ್‌ನ ಮುಖ ಸಪ್ಪಗಾಯಿತು. "ಇರ್ಬೋದು ಭಾವ. ಮದ್ವೆಲಿ ಬೈನಾ ಹಾಕ್ಸಿದ ಜಾಗ, ನಾನು ಅಳತೆ ಮಾಡಿದ್ದಿಲ್ಲ. ಆ ಕಡೆ ಇದ್ರೆ ನಾನು ಹಗ್ಗ ಮುಟ್ಟಲ್ಲ, ಬಿಡಿ."

ತೀರ್ಪುಗಾರ್ತಿ ನಾನು. ಪಂದ್ಯದ ಭಾನುವಾರ ಬೆಳಗ್ಗೆ ಚರ್ಚಿನಿಂದ ನೇರ ಅವನ ಮನೆಗೆ ಹೋದೆವು. ಬೈನಾ ಚಹಾ ಕೊಟ್ಟಳು, ಸೋಡಾ ಬ್ರೆಡ್ಡಿಗೆ ದಪ್ಪಗೆ ಬೆಣ್ಣೆ ಬಳಿದಳು. ನಕ್ಷೆ ಬಿಚ್ಚಿದರೆ ಅದರ ಗೆರೆಯೇ ಕೋಣೆಯಷ್ಟು ದಪ್ಪ. "ನೆಲಕ್ಕೆ ಕಿವಿ ಇಡಪ್ಪ," ಎಂದೆ ಕೋಲ್ಮನ್‌ಗೆ. ವಾರವೆಲ್ಲ ಮಳೆ ಹೊಯ್ದಿತ್ತು, ಚಪ್ಪಡಿಯ ಕೆಳಗೆ ತೊರೆ ಸದ್ದು ಮಾಡುವಷ್ಟು ತುಂಬಿತ್ತು. ಆ ಆನೆಯಂಥ ಆಳು ಭಾನುವಾರದ ಕೋಟಿನಲ್ಲೇ ಬೋರಲು ಬಿದ್ದು, "ಇಲ್ಲಿಲ್ಲ, ಇಲ್ಲೂ ಇಲ್ಲ" ಎನ್ನುತ್ತ ತೆವಳಿ ತೆವಳಿ ಮಂಚದ ಕೆಳಗೆ ಹೊಕ್ಕ. ಬೂಟುಗಳಷ್ಟೇ ಹೊರಗೆ ಉಳಿದವು.

"ಸಿಕ್ತು," ಎಂದಿತು ಒಳಗಿನ ದನಿ. "ಮಂಚದ ನಡುಮಧ್ಯ. ತಲೆದಿಂಬಿಂದ ಕಾಲಿನ ತನಕ ಉದ್ದಕ್ಕೂ ಹರೀತಿದೆ."

ಹಾಗಾದರೆ ಯಾರು ಯಾವ ಮಗ್ಗುಲು ಎಂದು ಕೇಳಲೇಬೇಕಾಯಿತು. ಈ ವಯಸ್ಸಿನಲ್ಲೂ ನನಗೆ ನಾಚಿಕೆಯಾಯಿತು.

"ಅವ್ರು ಅಡುಗೆಮನೆ ಕಡೆ, ನಾನು ಕೊಟ್ಟಿಗೆ ಕಡೆ," ಎಂದಳು ಬೈನಾ. "ಮೂವತ್ನಾಲ್ಕು ವರ್ಷದಿಂದ. ಮದ್ವೆ ಹಿಂದಿನ ದಿನ ನಾನೇ ಹಿಂಗೇ ಕಿವಿ ಇಟ್ಟು ಕೇಳಿ ಮಂಚ ಹಾಕ್ಸಿದ್ದು. ನಾನು ಕಟ್ಕೊಂಡಿದ್ದು ಇವ್ರನ್ನ, ಅಣ್ಣ, ಕ್ಲೂನ್‌ಬ್ರಾಕನ್ನಲ್ಲ. ಈ ಮನೇಲಿ ಒಂದಿನಾನೂ ನಮ್ಮ ಡೆರಿಕೀಲ್ ಬಿಟ್ಟು ಮಲಗಿಲ್ಲ."

ಫೆಸ್ಟಸ್ ಬಾಯಿಬಿಟ್ಟು ಅವಳನ್ನೇ ನೋಡಿದ. "ನಂಗ್ಯಾಕೆ ಹೇಳ್ಲಿಲ್ಲ?"

"ನೀವೆಲ್ಲಿ ಕೇಳಿದ್ರಿ? ದಿಂಬಿಗೆ ತಲೆ ಇಟ್ರೆ ಗೊರಕೆ."

ಮಧ್ಯಾಹ್ನ ಮೈದಾನದಲ್ಲಿ ಗಂಟಲು ಹರಿಯುವಂತೆ "ಕ್ಲೂನ್‌ಬ್ರಾಕ್" ಎಂದು ಕೂಗಿದವಳು ನಾನೇ. ಕಣ್ಣು ತುಂಬಿ ಬಂತು, ಅದನ್ನು ಮುಚ್ಚಿಡುವುದೇನಿದೆ. ಎರಡೇ ಎಳೆತಕ್ಕೆ ಕ್ಲೂನ್‌ಬ್ರಾಕಿನವರು ಸೋತರು. ಬೈನಾ ಎದುರು ಕಡೆ ನಿಂತು ಅಣ್ಣನ ತಂಡಕ್ಕೆ ಕೂಗು ಹಾಕುತ್ತಿದ್ದಳು.

ಕುಂಡೆಯ ಮೇಲೆ ಕೆಸರಿನಲ್ಲಿ ಜಾರಿ ಹೋದ ಫೆಸ್ಟಸ್ ಹಲ್ಲು ಕಿರಿಯುತ್ತ ಎದ್ದು ಬಂದ. "ಹೆಸ್ರು ಆಚೆ ಗುಡ್ಡದ ತನಕ ಕೇಳಿಸ್ತು, ಅಲ್ವಾ ಟೀಚರ್?"

"ಕೇಳಿಸ್ತು, ಕೇಳಿಸ್ತು," ಎಂದಳು ಬೈನಾ, ತನ್ನ ಅಂಗಿಯ ತೋಳಿನಿಂದ ಅವನ ಮುಖ ಒರೆಸುತ್ತ. "ಈ ಕೆಸರು ತೊಳ್ಕೊಳ್ದೆ ಇವತ್ತು ರಾತ್ರಿ ಗಡಿ ದಾಟ್ಬೇಡಿ."

ಇಬ್ಬರೂ ಕೈ ಹಿಡಿದುಕೊಂಡು ಮನೆಯ ದಾರಿ ಹಿಡಿದರು.