ಸದ್ದು ಮಾಡದ ಕೋಟು

ಕೋಟು ಕೊಳ್ಳಲು ಬಂದ ನನ್ನ ತಂಗಿ ಹಾಲಮ್ಮ ದಾವಣಗೆರೆ ಬಸ್ ನಿಲ್ದಾಣದಲ್ಲಿ ಕಂಬಳಿ ಹೊದ್ದುಕೊಂಡೇ ಇಳಿದಳು. ಅದೂ ಎಂಥ ಕಂಬಳಿ! ಅವಳ ಮದುವೆಯ ದಿನ ಗಂಡು ಹೆಣ್ಣನ್ನು ಕೂರಿಸಲು ಹಾಸಿದ್ದ ಕರಿ ಕಂಬಳಿ. ಜನವರಿಯ ಬೆಳಗು, ಮಂಜು ಇನ್ನೂ ಕರಗಿರಲಿಲ್ಲ. ಕಾಲೇಜಿಗೆ ಹೊರಟ ಹುಡುಗಿಯರೆಲ್ಲ ಅವಳನ್ನು ತಿರುತಿರುಗಿ ನೋಡಿದರು.

"ಕೋಟು ತಗಳಾಕ ಬರೋರು ಹಿಂಗೆ ಬರ್ತಾರೇನೆ?" ಎಂದು ಗದರಿದೆ.

"ಕೋಟು ಇದ್ದಿದ್ರೆ ಕಂಬಳಿ ಯಾಕ ಹೊದ್ಕಂಡು ಬರ್ತಿದ್ದೆ?" ಎಂದಳು. ಅವಳ ಮಾತಿಗೆ ಉತ್ತರ ಹುಡುಕುವುದನ್ನು ನಾನು ಚಿಕ್ಕಂದಿನಲ್ಲೇ ಬಿಟ್ಟಿದ್ದೇನೆ.

ನಾನು ಇದೇ ಊರಿನ ನಿಜಲಿಂಗಪ್ಪ ಬಡಾವಣೆಯವಳು. ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುವುದು ನನ್ನ ಕಸುಬು. ಸದಾ ಒಲೆ ಮುಂದೆ ಕೂರುವವಳಿಗೆ ಮಾಗಿ ಚಳಿ ಎಂದರೆ ಪಕ್ಕದ ಮನೆಯ ಸುದ್ದಿ. ಹಾಲಮ್ಮನ ಕಥೆ ಬೇರೆ. ಅವಳನ್ನು ಕೊಟ್ಟದ್ದು ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಗೆ. ಗಂಡ ನಾಗಪ್ಪ ಅಲ್ಲಿ ನೀರುಗಂಟಿಯಾಗಿದ್ದ. ಕಾಲುವೆಯ ತೂಬು ತೆರೆದು ಪಾಳಿಯ ಪ್ರಕಾರ ಗದ್ದೆಗದ್ದೆಗೆ ನೀರು ಬಿಡುವುದು, ಪಾಳಿ ತಪ್ಪಿಸಿ ಕದ್ದು ನೀರು ತಿರುಗಿಸಿಕೊಳ್ಳುವವರನ್ನು ಹಿಡಿಯುವುದು ಅವನ ಕೆಲಸ. ಮಂಡಿ ನೋವು ಹೆಚ್ಚಾಗಿ ಕಾಲುವೆಯ ಏರಿ ಹತ್ತಲಾಗದೆ ಅವನು ಕೆಲಸ ಬಿಟ್ಟಾಗ, ರೈತರ ಸಭೆಯಲ್ಲಿ "ನಾನು ಮಾಡ್ತೀನಿ" ಎಂದು ಹಾಲಮ್ಮ ಎದ್ದು ನಿಂತಳಂತೆ. ಊರ ಹಿರಿಯ ರುದ್ರಪ್ಪ ಮೀಸೆಯಲ್ಲೇ ನಕ್ಕು, "ಹೆಣ್ಮಗಳು ಮಾಗಿ ಚಳ್ಯಾಗೆ ಏರಿ ಮೇಲೆ ನಿಲ್ತಾಳಾ? ಆಗ್ಲಿ, ಈ ಹಂಗಾಮು ನೋಡಾನ. ಆಗ್ಲಿಲ್ಲಂದ್ರೆ ಬ್ಯಾರೇರಿಗೆ ಕೊಡಾನ" ಎಂದನಂತೆ.

ಚಳಿಯನ್ನು ಹೇಗೋ ತಡೆಯಬಹುದಿತ್ತು. ಕಷ್ಟ ಇದ್ದದ್ದು ಗಂಡನ ಹಳೇ ನೈಲಾನ್ ಜರ್ಕಿನ್ನಿನಲ್ಲಿ. ಅದನ್ನು ತೊಟ್ಟು ನಡೆದರೆ ಹೆಜ್ಜೆಹೆಜ್ಜೆಗೂ ಸರಸರ ಸದ್ದು. ಬೆಳಗಿನ ನಿಶ್ಶಬ್ದದಲ್ಲಿ ಅದು ಮೂರು ಗದ್ದೆಯಾಚೆ ಕೇಳುತ್ತಿತ್ತು. ಇವಳು ಹೋಗುವಷ್ಟರಲ್ಲಿ ಒಡೆದ ಬದು ಮುಚ್ಚಿರುತ್ತಿತ್ತು, ಒಡೆದವನು ಬೀಡಿ ಹಚ್ಚಿ ಆಕಾಶ ನೋಡುತ್ತಾ ಕುಳಿತಿರುತ್ತಿದ್ದ. ಬೆಕ್ಕು ತನ್ನ ಕೊರಳಿಗೆ ತಾನೇ ಗಂಟೆ ಕಟ್ಟಿಕೊಂಡ ಹಾಗಾಗಿತ್ತು ಅವಳ ಪಾಡು. ಒಬ್ಬ ಕಳ್ಳನೂ ಸಿಕ್ಕಿರಲಿಲ್ಲ. ಊರಲ್ಲಿ ಅವಳನ್ನು ನೀರುಗಂಟಿ ಎಂದು ಒಬ್ಬರೂ ಕರೆಯುತ್ತಿರಲಿಲ್ಲ. "ನೀರುಗಂಟಿ ಹೆಂಡ್ತಿ ಬಂದ್ಳು" ಎನ್ನುತ್ತಿದ್ದರು.

"ಕಂಬಳಿ ಹೊದ್ಕಂಡು ಹೋಗ್ಬೇಕಪ್ಪ" ಎಂದೆ ನಾನು.

"ಒಂದ್ ಕೈ ಕಂಬಳಿ ಹಿಡ್ಕಳಾಕೆ, ಒಂದ್ ಕೈ ಬ್ಯಾಟ್ರಿಗೆ. ತೂಬಿನ ಕೀಲಿಗೆ ನಿನ್ನ ಕೈ ಕಡ ಕೊಡ್ತೀಯಾ?" ಎಂದಳು.

ಹಸಿದ ಹೊಟ್ಟೆಯಲ್ಲಿ ಇಂಥ ಲೆಕ್ಕ ಬಗೆಹರಿಯುವುದಿಲ್ಲ. ಮೊದಲು ಎರಡೆರಡು ಬೆಣ್ಣೆ ದೋಸೆ ತಿಂದೆವು. ಆಮೇಲೆ ಪೇಟೆಗೆ ಇಳಿದೆವು.

ಮೊದಲು ಹೊಕ್ಕದ್ದು ಗಾಜಿನ ಬಾಗಿಲಿನ ದೊಡ್ಡ ಅಂಗಡಿ. ಅಲ್ಲಿಯ ಹುಡುಗಿ ಹೆಂಗಸರ ಕೋಟೆಂದು ಗುಲಾಬಿ ಬಣ್ಣದ್ದೊಂದನ್ನು ತಂದು ಹಿಡಿದಳು. ಹಾಲಮ್ಮ ಜೇಬಿಗೆ ಕೈ ಹಾಕಲು ಹೋದಳು. ಬೆರಳ ತುದಿಯೂ ಹೋಗಲಿಲ್ಲ. ಜೇಬಿಗೆ ಬಾಯಿ ಇತ್ತು, ಹೊಟ್ಟೆ ಇರಲಿಲ್ಲ. "ಇದು ಜೇಬಲ್ಲವ್ವ, ಜೇಬಿನ ಫೋಟೋ" ಎಂದು ಅವಳು ಹೇಳಿದಾಗ ಆ ಹುಡುಗಿಗೂ ನಗು ತಡೆಯಲಾಗಲಿಲ್ಲ.

ಎರಡನೆಯದು ಗಂಡಸರ ಬಟ್ಟೆ ಅಂಗಡಿ. ಹೊಟ್ಟೆ ಇರುವ ಜೇಬು ಗಂಡಸರ ಕೋಟಿಗಷ್ಟೇ ಇರುತ್ತದೆಂದು ಅಷ್ಟರಲ್ಲಿ ನಮಗೆ ಅರ್ಥವಾಗಿತ್ತು. ಅಂಗಡಿಯವರು ಹಾಸಿಗೆಯಷ್ಟು ದಪ್ಪದ ಜರ್ಕಿನ್ ತೆಗೆದು, "ಹಿಮಾಲಯಕ್ಕೂ ಹಾಕ್ಕಂಡು ಹೋಗಬೋದ್ರಿ" ಎಂದರು. ಹಾಲಮ್ಮ ಸೀರೆಯ ಮೇಲೇ ಅದನ್ನು ತೊಟ್ಟು ಅಂಗಡಿಯ ಆ ತುದಿಗೆ ಹೋಗಿ ನಿಂತು ಕೂಗಿದಳು: "ಅಕ್ಕಾ, ಕಣ್ಣು ಮುಚ್ಕ. ನಾನು ಬರೋದು ಕೇಳಿದ್ ಕೂಡ್ಲೆ ಕೈ ಎತ್ತು."

ಕಣ್ಣು ಮುಚ್ಚಿದೆ. ಮುಚ್ಚಿದ್ದೇ ತಡ, ಸರಸರ. ಕೈ ಎತ್ತಿದೆ. ಇನ್ನೊಂದು ತೊಟ್ಟಳು, ಪರಪರ. ಮತ್ತೊಂದರ ಜಿಪ್ಪು ಟಿಣ್ ಎಂದಿತು. ಉಣ್ಣೆಯ ಸ್ವೆಟರೊಂದು ಬಟ್ಟೆಯ ಸದ್ದು ಮಾಡಲಿಲ್ಲ, ಆದರೆ ತೋಳು ಗಿಡ್ಡವಾಗಿ ಗಾಜಿನ ಬಳೆಗಳು ಝಲ್ಲೆಂದವು. "ಬಳೆ ತೆಗೆದಿಡೆ" ಎಂದರೆ, "ನೀರು ಕದಿಯೋರಿಗೋಸ್ಕರ ನಾನ್ಯಾಕ ಬಳೆ ತೆಗೀಲಿ?" ಎಂದು ಸಿಡುಕಿದಳು. ಅದೂ ಅಲ್ಲದೆ ಜಾಲಿ ಮುಳ್ಳಿಗೆ ಒಮ್ಮೆ ಸಿಕ್ಕಿದರೆ ಸ್ವೆಟರು ನೂಲಿನ ಉಂಡೆಯಾಗುತ್ತದೆ. ಅಷ್ಟರಲ್ಲಿ ಅಂಗಡಿಯವರೂ, ಬನಿಯನ್ ಕೊಳ್ಳಲು ಬಂದಿದ್ದ ಇಬ್ಬರು ಗಿರಾಕಿಗಳೂ ಕಣ್ಣು ಮುಚ್ಚಿ ನಿಂತು ಸದ್ದಾದಾಗಲೆಲ್ಲ ಕೈ ಎತ್ತುತ್ತಿದ್ದರು.

ಕೊನೆಗೆ ಅಂಗಡಿಯವರು ಅನುಮಾನದಿಂದ ಕೇಳಿದರು: "ಅಮ್ಮಾರೆ, ತಪ್ಪು ತಿಳ್ಕಬ್ಯಾಡ್ರಿ. ನಿಮ್ದು ಕಳ್ಳತನದ ಕಸುಬಾ?"

"ಅಲ್ರಿ. ಕಳ್ಳರನ್ನ ಹಿಡಿಯೋ ಕಸುಬು."

ಅವರು ನಕ್ಕು ಚಹಾ ತರಿಸಿದರು. ಕೋಟು ಸಿಗಲಿಲ್ಲ. ಮೂರನೇ ಅಂಗಡಿಯಲ್ಲೂ ಅದೇ ಹಾಡು.

ಹರಿಹರದಲ್ಲಾದರೂ ಸಿಕ್ಕೀತೆಂದು ಮಧ್ಯಾಹ್ನ ಅಲ್ಲಿಯ ಬಸ್ಸು ಹತ್ತಿದೆವು. ದೂರ ಹದಿನಾಲ್ಕು ಕಿಲೋಮೀಟರ್. ಸರ್ಕಾರಿ ಬಸ್ಸಾದ್ದರಿಂದ ಹೆಂಗಸರಿಗೆ ಟಿಕೆಟ್ಟಿನ ಮೇಲೆ ಸೊನ್ನೆ. ಮೋಡ ಮುಸುಕಿ ಥಂಡಿ ಗಾಳಿ ಬೀಸುತ್ತಿತ್ತು, ನಮ್ಮ ಕಿಟಕಿಯ ಗಾಜು ಮುಚ್ಚುತ್ತಿರಲಿಲ್ಲ. ಹಾಲಮ್ಮ ಕಂಬಳಿಯನ್ನು ಕಿವಿಯವರೆಗೂ ಎಳೆದುಕೊಂಡಳು. ಊರು ದಾಟಿದ ಮೇಲೆ, "ರುದ್ರಪ್ಪ ಹೇಳಿದ್ದೇ ಖರೆ ಆಗ್ತೈತೇನೋ ಅಕ್ಕ" ಎಂದಳು. ಆ ಕೆಲಸ ಅವಳಿಗೆ ಎಷ್ಟು ಬೇಕಾಗಿತ್ತೆಂದು ಆಗಲೇ ನನಗೆ ತಿಳಿದದ್ದು. ಅವಳ ಪಕ್ಕಕ್ಕೆ ಒತ್ತಿಕೊಂಡು ಕೂತೆ. ಅವಳು ಕಂಬಳಿಯ ಸೆರಗನ್ನು ನನಗೂ ಹೊದಿಸಿದಳು.

ಬೆಚ್ಚಗಾಯಿತು. ಅವಳು ಮಗ್ಗುಲು ಬದಲಿಸಿದಳು, ಕೈ ಆಡಿಸಿದಳು, ಕಂಬಳಿ ಪಿಟ್ಟೆನ್ನಲಿಲ್ಲ. ನಾನು ಕೂತಲ್ಲೇ ನೆಟ್ಟಗಾದೆ.

"ಹಾಲಿ, ಇದಕ್ಕೇ ತೋಳು ಹಚ್ಚಿಸಿದ್ರೆ ಹೆಂಗೆ?"

ಅವಳು ನನ್ನ ಮುಖ ನೋಡಿದಳು, ಕಂಬಳಿ ನೋಡಿದಳು. "ಬೆಳಿಗ್ಗೆ ಹೇಳಿದ್ರೆ ಆಗ್ತಿರ್ಲಿಲ್ಲಾ? ಸುಮ್ನೆ ದಾವಣಗೆರೆ ಎಲ್ಲಾ ಸುತ್ತಿಸ್ದೆ" ಎಂದಳು. ಬೈಗುಳ ಬಂತೆಂದರೆ ಜೀವ ಬಂತೆಂದೇ ಅರ್ಥ.

ಹರಿಹರದಲ್ಲಿ ಇಬ್ಬರು ಟೈಲರುಗಳು "ಸೂಜಿ ಮುರೀತೈತ್ರಿ" ಎಂದು ಕೈ ಅಲ್ಲಾಡಿಸಿಬಿಟ್ಟರು. ಎರಡನೆಯವರು ಲಾರಿ ಸೀಟು ಹೊಲಿಯುವ ಮಾಬೂಸಾಬರ ಅಂಗಡಿ ತೋರಿಸಿದರು. ದೊಡ್ಡ ಮಷಿನ್ನು, ಅದರ ಹಿಂದೆ ಸಣ್ಣ ಮನುಷ್ಯ. ಕಂಬಳಿಯನ್ನು ಹೆಬ್ಬೆರಳಿಂದ ಉಜ್ಜಿ, "ಮಸ್ತ್ ಮಾಲು ಐತೆ. ಕೂಡ್ರಿ" ಎಂದರು. ಹಾಲಮ್ಮ ಒಂದೊಂದೇ ಹೇಳಿದಳು. ಕೀಲಿ ಮುಳುಗುವಂಥ ಜೇಬು. ಜಿಪ್ಪು ಬೇಡ, ಬಟ್ಟೆ ಸುತ್ತಿದ ಗುಂಡಿ ಇರಲಿ. ಮೈಗೆ ಚುಚ್ಚದಂತೆ ಒಳಗೆ ಮೆತ್ತನೆಯ ಅರಿವೆ. ಮೊಣಕೈಗೆ ಗಟ್ಟಿ ತೇಪೆ. ತೋಳು ಮುಂಗೈ ದಾಟಿ ಬಂದು ಬಳೆಗಳನ್ನು ಬಿಗಿಯಾಗಿ ಹಿಡಿದಿರಬೇಕು.

ಅವರು ಎಲ್ಲಕ್ಕೂ ತಲೆಯಾಡಿಸಿ ಕೇಳಿದರು: "ಟೋಪಿ ಹಾಕ್ಲಾ?"

ಹಾಲಮ್ಮ ಸೊಂಟಕ್ಕೆ ಕೈ ಕೊಟ್ಟಳು. "ಏನಂದ್ರಿ? ನನಗೇ ಟೋಪಿ ಹಾಕ್ತೀರಾ?"

"ತಲೆಗೆ ಥಂಡಿ ಹತ್ತಬಾರ್ದು ಅಂತಮ್ಮಾ! ಕೋಟಿಗೆ ಹಚ್ಚೋ ಟೋಪಿ!" ಎಂದು ಮಾಬೂಸಾಬರು ಗಾಬರಿಯಾದರು. ಒಳಗಿಂದ ಅವರ ಹೆಂಡತಿ, "ನಲವತ್ತು ವರ್ಷದಿಂದ ನನಗೆ ಹಾಕ್ಯಾರೆ, ನಿಮಗೊಂದು ಹಾಕಿಸ್ಕಳ್ರಿ" ಎಂದು ಕೂಗಿದರು. ಅಲ್ಲಿಗೆ ಟೋಪಿಯೂ ಸೇರಿತು.

ಕತ್ತರಿ ಕೈಗೆ ಬಂದಾಗ ಮಾತ್ರ ಹಾಲಮ್ಮ ಕಂಬಳಿಯನ್ನು ಎದೆಗವಚಿಕೊಂಡಳು. ಮದುವೆಗೆ ಹಾಸಿದ ಕಂಬಳಿಗೆ ಕತ್ತರಿ ತಾಗಿಸಬಾರದು ಎನ್ನುವುದು ನಮ್ಮ ಮನೆತನದ ನಡೆ. ಅವಳು ಗಂಡನಿಗೆ ಫೋನ್ ಹಚ್ಚಿದಳು. ನಾಗಪ್ಪನ ದನಿ ಅಂಗಡಿಗೆಲ್ಲ ಕೇಳಿಸಿತು.

"ಅರ್ಧ ಸಾಕಾಗ್ತೈತಾ ಕೇಳು."

ಮಾಬೂಸಾಬರು ಸಾಕೆಂದರು.

"ಹಂಗಾರೆ ಬಿಳಿ ಪಟ್ಟೆ ಇರೋ ಕಡೆ ಕತ್ತರ್ಸು. ಅವತ್ತು ನಾನು ಕುಂತಿದ್ದು ಆ ಕಡೆ. ಏರಿ ಮೇಲೆ ನಾನೂ ನಿನ್ ಜೋಡಿ ಬಂದಂಗಾಗ್ತೈತೆ. ನಿನ್ನ ಅರ್ಧ ಮನ್ಯಾಗೆ ನನ್ ಹತ್ರ ಇರ್ಲಿ, ಮಂಡಿಗೆ ಹೊದ್ಕಂತೀನಿ."

ಹಾಲಮ್ಮ ಫೋನು ಇಟ್ಟು ಗೋಡೆಯ ಕಡೆ ತಿರುಗಿದಳು. ನನಗೂ ಕಣ್ಣು ತುಂಬಿತು. ಮಾಬೂಸಾಬರು ಸದ್ದಿಲ್ಲದೆ ಕತ್ತರಿ ಆಡಿಸಿದರು.

ಅವರು ಹೊಲಿಯುವಷ್ಟರಲ್ಲಿ ನಾವು ಗುಡಿಗೆ ಹೋಗಿಬಂದೆವು. ಒಂದೇ ಮೈಯಲ್ಲಿ ಅರ್ಧ ಹರಿ, ಅರ್ಧ ಹರ. ಎಷ್ಟೋ ಸಲ ನೋಡಿದ ಮೂರ್ತಿ. ಅಂದು ಹಾಲಮ್ಮ ಬಹಳ ಹೊತ್ತು ಕೈಮುಗಿದು ನಿಂತಿದ್ದಳು. ಆಮೇಲೆ ತುಂಗಭದ್ರೆಯ ದಂಡೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆವು. ಖಾರಕ್ಕೆ ಮೂಗು ಸುರಿಯಿತು, ಮನಸ್ಸು ಹಗುರಾಯಿತು.

ಕೋಟು ಸಿದ್ಧವಾಗಿತ್ತು. ಎದೆಯ ಮೇಲೆ ಸರಿಯಾಗಿ ಬಿಳಿ ಪಟ್ಟೆ ಬಂದಿತ್ತು. ನಾನು, ಮಾಬೂಸಾಬರು, ಅವರ ಹೆಂಡತಿ ಮೂವರೂ ಕಣ್ಣು ಮುಚ್ಚಿ ಕೂತೆವು. ಕಾದೆವು. ಯಾರ ಕೈಯೂ ಮೇಲೇಳಲಿಲ್ಲ. "ಬರ್ರಿ ಅಮ್ಮಾ, ಯಾಕ ತಡ?" ಎಂದು ಮಾಬೂಸಾಬರು ಕರೆದರು. "ಬಂದು ಆಗ್ಲೇ ಎಷ್ಟೊತ್ತಾತು" ಎಂದು ಅವರ ಕಿವಿಯ ಹತ್ತಿರವೇ ಹಾಲಮ್ಮನ ದನಿ ಕೇಳಿ, ಆ ಹಿರಿಯರು ಸ್ಟೂಲಿನಿಂದ ಬೀಳುವುದೊಂದು ಬಾಕಿ.

ಕತ್ತಲಾಗುವ ಮೊದಲೇ ಆಟೋದಲ್ಲಿ ಅವಳ ಊರು ಸೇರಿದೆವು. ಮರುದಿನ ಕೋಳಿ ಕೂಗಿದ ಮೇಲೆ ನಾನೂ ಅವಳ ಹಿಂದೆ ಏರಿ ಹತ್ತಿದೆ. ನಾಗಪ್ಪನ ಜರ್ಕಿನ್ ನನ್ನ ಪಾಲಿಗೆ ಬಂದಿದ್ದರಿಂದ, "ನೀನು ಇಲ್ಲೇ ನಿಲ್ಲು, ನನ್ ಹಿಂದೆ ಬ್ಯಾಂಡ್ ಸೆಟ್ ಬ್ಯಾಡ" ಎಂದು ನನ್ನನ್ನು ಹುಣಸೆ ಮರದಡಿ ನಿಲ್ಲಿಸಿದಳು. ಕತ್ತಲಲ್ಲಿ ನಾಲ್ಕು ಹೆಜ್ಜೆಗೇ ಕರಗಿಹೋದಳು. ಸ್ವಲ್ಪ ಹೊತ್ತಿಗೆ ಕೆಳಗಿನ ಗದ್ದೆಯಲ್ಲಿ ಗುದ್ದಲಿಯ ಸದ್ದು ಎದ್ದು ತಟಕ್ಕನೆ ನಿಂತಿತು. ಬ್ಯಾಟರಿ ಬೆಳಕು ಹೊತ್ತಿತು. ಟೋಪಿ ಹಾಕಿದ ಕರಿ ಆಕಾರವೊಂದು ಯಾರದೋ ಬೆನ್ನ ಹಿಂದೆಯೇ ನಿಂತಿತ್ತು.

"ಯಾ... ಯಾರದು?" ನಡುಗುವ ಗಂಡು ದನಿ.

"ನೀರುಗಂಟಿ."

ಬೆಳಕು ಆ ಮುಖದ ಮೇಲೆ ಬಿತ್ತು. ರುದ್ರಪ್ಪ! ಕಚ್ಚೆ ಮೊಣಕಾಲಿಗೇರಿತ್ತು, ಒಡೆದ ಬದುವಿನಿಂದ ನೀರು ಅವನ ಗದ್ದೆಗೆ ಹರಿಯುತ್ತಿತ್ತು. ಹಾಲಮ್ಮ ಬೆಳಕನ್ನು ಬದುವಿನ ಮೇಲೆ ಹಿಡಿದು ನಿಂತಳು. ಅವನೇ ಮಣ್ಣೆಳೆದು ಮುಚ್ಚಿದ. ಹುಣಸೆ ಮರದಡಿ ನಾನು ಬಾಯಿಗೆ ಸೆರಗು ಒತ್ತಿಕೊಂಡು ಕುಣಿಯುತ್ತಿದ್ದೆ, ಜರ್ಕಿನ್ನೂ ನನ್ನ ಜೊತೆ ಸರಸರ ಕುಣಿಯಿತು.

ರೊಟ್ಟಿ, ಎಣ್ಣೆಗಾಯಿ ಕಟ್ಟಿಸಿಕೊಂಡು ನಾನು ಬಸ್ಸು ಹತ್ತಿದಾಗ ಬಿಸಿಲೇರಿತ್ತು. ಮುಂದಿನ ಸೀಟಿನಲ್ಲಿ ರುದ್ರಪ್ಪ ಕೂತಿದ್ದ, ಕಂಕುಳಲ್ಲಿ ಒಂದು ಕಂಬಳಿ ಸುತ್ತಿ. ಬಸ್ಸು ಹೊರಟ ಮೇಲೆ ಮೆಲ್ಲಗೆ ತಿರುಗಿ ಕೇಳಿದ: "ತಂಗೀ, ನಮ್ ನೀರುಗಂಟಿ ಹಾಕ್ಕಂಡಿದ್ಳಲ್ಲ ಆ ಕೋಟು, ಎಲ್ಲಿ ಹೊಲಿಸಿದ್ದು?"

ನಮ್ ನೀರುಗಂಟಿ! ಹೆಂಡ್ತಿ ಎನ್ನುವ ಬಾಲ ಉದುರಿತ್ತು. ನಗು ನುಂಗಿಕೊಂಡು, "ತಡೀರಿ, ಆಕೀನ್ನೇ ಕೇಳಿ ಹೇಳ್ತೀನಿ" ಎಂದು ಫೋನ್ ಹಚ್ಚಿದೆ. ಕಿಟಕಿಯಾಚೆ ಏರಿಯ ಮೇಲೆ ಹಾಲಮ್ಮ ನಿಂತಿದ್ದಳು. ಒಂದು ಕೈಯಲ್ಲಿ ತೂಬಿನ ಕೀಲಿ, ಇನ್ನೊಂದರಲ್ಲಿ ಫೋನು.

"ಹೊಲಿಸ್ಕಳ್ಳಿ ಬಿಡಕ್ಕ, ವಯಸ್ಸಾದೋರು, ಬೆಚ್ಚಗಿರ್ಲಿ" ಎಂದಳು. "ಆದ್ರೆ ಮಾಬೂಸಾಬ್ರಿಗೆ ಹೇಳು, ಆತನ ಕೋಟಿಗೆ ಗುಂಡಿ ಬ್ಯಾಡ. ಗೆಜ್ಜೆ ಹಚ್ಲಿ."