ಟೆಂಟಿನ ಹುಲಿಯಪ್ಪನ ಹೋಲಿಕೆ

ಇಡೀ ಭೂಮಂಡಲವನ್ನು ಸಾಗರ, ಹೊಸನಗರ, ತೀರ್ಥಹಳ್ಳಿ ಎಂಬ ಮೂರು ತಾಲ್ಲೂಕುಗಳೊಳಗೆ ತುರುಕಿದ ಮಹಾಪುರುಷ ಯಾರೆಂದು ಕೇಳಿದರೆ, ಆ ಕಾಲದವರು ಕಣ್ಣು ಮುಚ್ಚಿಕೊಂಡು ಟೆಂಟಿನ ಹುಲಿಯಪ್ಪನ ಹೆಸರು ಹೇಳುತ್ತಿದ್ದರು. ಹಿಮಾಲಯವನ್ನು ಅವನು ಕುಂದಾದ್ರಿಯ ಪಕ್ಕಕ್ಕೆ ತಂದು ನಿಲ್ಲಿಸಿ, ಒಂದೇ ಮೊಳ ಹೆಚ್ಚು ಎತ್ತರವೆಂದು ತೀರ್ಪು ಕೊಟ್ಟಿದ್ದ. ಮದರಾಸಿನ ಸಮುದ್ರ ಅವನ ಬಾಯಲ್ಲಿ ಆಷಾಢದ ತುಂಗೆಯಾಗಿತ್ತು, "ಆದ್ರೆ ಉಪ್ಪು ಜಾಸ್ತಿ." ದಿಲ್ಲಿಯೆಂದರೆ ಹೊಸನಗರದ ಸಂತೆ, "ಆದ್ರೆ ಅಲ್ಲಿ ಒಣಮೀನು ಸಿಗಲ್ಲ." ಹೋಲಿಕೆಯಲ್ಲಿ ವ್ಯತ್ಯಾಸವಿದ್ದರೆ ಅದನ್ನೂ ಹೇಳಿಬಿಡುವುದು ಅವನ ಧರ್ಮ.

ಕಸುಬೇ ಅಂಥದು. ವಾಸಪ್ಪನ ಟೂರಿಂಗ್ ಟಾಕೀಸು ತೀರ್ಥಹಳ್ಳಿಯಲ್ಲಿ ಡೇರೆ ಹಾಕಿದಾಗಲೆಲ್ಲ, ಎತ್ತಿನ ಗಾಡಿಯ ಎರಡೂ ಬದಿಗೆ ಪೋಸ್ಟರ್ ಹಲಗೆ ಕಟ್ಟಿಕೊಂಡು, ತಮಟೆ ಬಡಿದು ಊರೂರಿಗೆ ಕಥೆ ಸಾರುವವನು ಹುಲಿಯಪ್ಪ. ಕಾಣದ್ದನ್ನು ತಿಳಿಸಬೇಕಾದರೆ ಕಂಡದ್ದನ್ನೇ ತೋರಿಸಬೇಕಲ್ಲ.

೧೯೬೪ರ ಬೇಸಿಗೆಯಲ್ಲಿ ಬಂದ ಚಿತ್ರದಲ್ಲಿ ಒಬ್ಬ ಕೂಲಿ ಹೆಂಗಸು ಬಾವಿಕಟ್ಟೆಯ ಬಳಿ ನೀರು ಕೇಳುತ್ತಾಳೆ. ಮುಟ್ಟಿದರೆ ಮೈಲಿಗೆಯೆಂದು ಯಜಮಾನಿ ಮೂರಡಿ ಮೇಲಿನಿಂದ ಅವಳ ಬೊಗಸೆಗೆ ಸುರಿಯುತ್ತಾಳೆ. ಆಗ ಟೆಂಟಿನ ನೆಲ, ಬೆಂಚು, ಕುರ್ಚಿ ಮೂರೂ ತರಗತಿ ಒಟ್ಟಾಗಿ ಅಳುತ್ತಿತ್ತು. ಅರಳಸುರಳಿ ಎಂಬ ಊರಿನ ಕಟ್ಟೆಯ ಮುಂದೆ ಹುಲಿಯಪ್ಪ ತಮಟೆ ನಿಲ್ಲಿಸಿ ವಿವರಿಸಿದ: "ಹೆಂಗೆ ಸುರೀತಾಳೆ ಅಂದ್ರೆ, ಬಸ್ ಸ್ಟ್ಯಾಂಡ್ ಹೋಟ್ಲು ಸುಬ್ಬಕೃಷ್ಣಯ್ಯೋರು ನಂಗೆ ಕಾಪಿ ಸುರೀತಾರಲ್ಲ, ಹಂಗೆ."

ಮಾತಿನಲ್ಲಿ ಕೊಂಕಿರಲಿಲ್ಲ. ಹನ್ನೊಂದು ವರ್ಷದಿಂದ ಅವನು ಕಾಫಿ ಕುಡಿಯುತ್ತಿದ್ದುದೇ ಹಾಗೆ: ಹೋಟೆಲಿನ ಹಿಂಬದಿ, ಬೇಲಿಯ ಗೂಟಕ್ಕೆ ಸಿಕ್ಕಿಸಿಟ್ಟ ತೆಂಗಿನ ಗರಟೆಯನ್ನು ತಾನೇ ತೊಳೆದು ಹಿಡಿದು, ನಿಂತುಕೊಂಡು. ಒಂದು ದಿನವಾದರೂ ಒಳಗಿನ ಬೆಂಚಿನ ಮೇಲೆ ಕೂತು ಗಾಜಿನ ಲೋಟದಲ್ಲಿ ಕುಡಿಯಬೇಕೆಂಬ ಆಸೆಯನ್ನು ಹೆಂಡತಿ ಮೂಕಮ್ಮನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ.

ಸುದ್ದಿ ಬಸ್ಸಿಗಿಂತ ಮೊದಲೇ ಪೇಟೆ ಸೇರಿತು. ಸುಬ್ಬಕೃಷ್ಣಯ್ಯ ವಾಸಪ್ಪನನ್ನು ಕರೆಸಿದರು, ವಾಸಪ್ಪ ಹುಲಿಯಪ್ಪನನ್ನು ಕರೆಸಿದ.

"ಅಯ್ಯೋರು ಕೆಂಡ ಆಗಿದಾರೆ ಮಾರಾಯ. ನಾಳೆ ಹೋಗಿ ತಿದ್ದಿ ಹೇಳು. ಇಲ್ದಿದ್ರೆ ಗಾಡಿ ಇಳಿದುಬಿಡು."

"ಅದಕ್ಕೇನಂತೆ, ತಿದ್ತೀನಿ ಬಿಡಿ."

ಮರುದಿನ ಅದೇ ಕಟ್ಟೆ. "ನಿನ್ನೆ ನಾ ಹೇಳಿದ್ದು ತಪ್ಪು. ಸಿನ್ಮಾದಲ್ಲಿ ಆಯಮ್ಮ ಬೊಗಸೆಗೆ ಸುರೀತಾಳೆ. ಸುಬ್ಬಕೃಷ್ಣಯ್ಯೋರು ಗರಟೆಗೆ ಸುರೀತಾರೆ. ಉಳಿದಿದ್ದೆಲ್ಲ ಒಂದೇ."

ಕುರುಕ್ಷೇತ್ರಕ್ಕೂ ಅಷ್ಟು ಜನ ನೆರೆದಿರಲಿಕ್ಕಿಲ್ಲ. ಊರಿಗೆ ಊರೇ ಟೆಂಟಿಗೆ ಹೊರಟಿತು. ದಾರಿಯಲ್ಲಿ ಹೋಟೆಲಿನ ಹಿಂದೆ ಹೋಗಿ ಗರಟೆಯ ದರ್ಶನವನ್ನೂ ಮಾಡಿತು. "ಸಿನ್ಮಾದ್ದು ಇದೇ ಏನ್ರಯ್ಯಾ?" ಎಂದು ಗುತ್ಯಮ್ಮನೆಂಬ ಮುದುಕಿ ಸುಬ್ಬಕೃಷ್ಣಯ್ಯನವರನ್ನೇ ಕೇಳಿದಳು. ಮೂರು ದಿನ ಟೆಂಟು ಭರ್ತಿ. ಗಾಡಿ ಇಳಿಸುವ ಮಾತು ವಾಸಪ್ಪನಿಗೆ ಮರೆತೇಹೋಯಿತು.

ನಾಲ್ಕನೆಯ ದಿನ, ಇದರ ಹಣೆಬರಹ ನೋಡಿಯೇಬಿಡೋಣವೆಂದು ಸುಬ್ಬಕೃಷ್ಣಯ್ಯ ಬಂದು ಕುರ್ಚಿಯಲ್ಲಿ ಕೂತರು. ಬಾವಿಯ ದೃಶ್ಯ ಬಂತು. ಮನುಷ್ಯ ಮೆದು ಮನಸ್ಸಿನವರು. ಶಲ್ಯದ ತುದಿ ಕಣ್ಣಿಗೆ ಹೋಯಿತು. ಒರೆಸಿಕೊಂಡು ಸುತ್ತ ನೋಡುತ್ತಾರೆ, ಪರದೆಯ ಕಡೆ ಒಬ್ಬರ ಕಣ್ಣೂ ಇಲ್ಲ. ಮೂರೂ ತರಗತಿ ಅವರನ್ನೇ ನೋಡುತ್ತಿತ್ತು.

"ಅಳಬ್ಯಾಡಿ ಅಯ್ಯಾ," ಎಂದಳು ನೆಲದಿಂದ ಗುತ್ಯಮ್ಮ, "ಅದು ಬರೀ ಸಿನ್ಮಾ."

ಬೆಳಿಗ್ಗೆ ಹುಲಿಯಪ್ಪ ಹೋಟೆಲಿನ ಹಿಂಬದಿಗೆ ಹೋದರೆ ಗೂಟವಿದೆ, ಗರಟೆಯಿಲ್ಲ. ಯಾರು ಕದ್ದರೆಂದು ಬೇಲಿಯಾಚೆ ಹಣಕುತ್ತಿದ್ದಾಗ ದನಿ ಕೇಳಿತು. "ಅಲ್ಲೆಂತ ಹುಡುಕ್ತೀಯ ಹುಲಿಯಪ್ಪ. ಒಳಗೆ ಬಾ." ಹನ್ನೊಂದು ವರ್ಷ ಬರೀ 'ಹುಲಿಯಾ' ಎಂದಿದ್ದವರು ಸುಬ್ಬಕೃಷ್ಣಯ್ಯ.

ಬಾಗಿಲಿನಿಂದ ಬೆಂಚಿಗೆ ಎಂಟು ಹೆಜ್ಜೆ. ದಂಡಯಾತ್ರೆ ಮುಗಿಸಿದ ಚಕ್ರವರ್ತಿಯಂತೆ, ತಮಟೆ ಹೆಗಲಿನಲ್ಲಿ, ಹುಲಿಯಪ್ಪ ಎಂಟನ್ನೂ ನಡೆದ. ಬಾಯಿಗೆ ಹೊರಟ ಇಡ್ಲಿಗಳು ಅರ್ಧದಾರಿಯಲ್ಲಿ ನಿಂತವು. ಒಬ್ಬ ಗಿರಾಕಿ ಮುಖ ಸಿಂಡರಿಸಿ ಎದ್ದುಹೋದ. ಅವನ ಜಾಗವೂ ಹುಲಿಯಪ್ಪನಿಗೇ ಸಿಕ್ಕಿ, ಕಾಲು ಚಾಚಲು ಅನುಕೂಲವಾಯಿತು. ಸುಬ್ಬಕೃಷ್ಣಯ್ಯ ತಾವೇ ಗಾಜಿನ ಲೋಟ ತಂದು ಅವನ ಮುಂದಿಟ್ಟರು.

ಹುಲಿಯಪ್ಪ ಕೊನೆಯ ಗುಟುಕಿನವರೆಗೆ ಕುಡಿದ.

"ಹೇಗಾಯ್ತು ಹುಲಿಯಪ್ಪ?" ಎಂದರು ಅಯ್ಯನವರು. ಇಡೀ ಹೋಟೆಲು ಕಿವಿ ನೆಟ್ಟಗೆ ಮಾಡಿತು.

ಹುಲಿಯಪ್ಪ ಖಾಲಿ ಲೋಟವನ್ನು ತಿರುಗಿಸಿ ನೋಡಿದ.

"ಗರಟೇಲಿ ಜಾಸ್ತಿ ಹಿಡೀತಿತ್ತು ಅಯ್ಯಾ. ಇನ್ನೊಂದು ಲೋಟ ಕೊಡಿ."