ಗುಳ್ಳೆಯಣ್ಣ ಅಳೆದ ಗಾಳಿ

ಗುಳ್ಳೆಯಣ್ಣ ಹೋದ ಗುರುವಾರ ಮಧ್ಯಾಹ್ನ ತೀರಿಕೊಂಡರು. ಪ್ರಯೋಗಶಾಲೆಯ ಸ್ಟೂಲಿನ ಮೇಲೆ ಕೂತವರು ಹಾಗೇ ಗೋಡೆಗೆ ಒರಗಿದ್ದರು. ಐವತ್ತೊಂಬತ್ತು ವರ್ಷ. ನಿವೃತ್ತಿಗೆ ಇನ್ನು ಏಳು ವಾರ. ಹೃದಯ ನಿಂತಿದೆ ಎಂದರು ವೈದ್ಯರು. ಆ ವಾರವೆಲ್ಲ ಅವರಿಗೆ ಎದೆ ಬಿಗಿಯುತ್ತಿತ್ತಂತೆ. ಚಿಂತೆಗೆ ಹೀಗಾಗುತ್ತಿದೆ ಎಂದು ಸುಮ್ಮನಿದ್ದರು ಎಂದು ಅವರ ಹೆಂಡತಿ ಆಮೇಲೆ ಹೇಳಿದರು. ಚಿಂತೆ ಇದ್ದದ್ದಂತೂ ನಿಜ.

ವಿಶ್ವವಿದ್ಯಾಲಯದ ರಸಾಯನ ವಿಭಾಗದಲ್ಲಿ ಅವರು ಮೂವತ್ತನಾಲ್ಕು ವರ್ಷ ಸಹಾಯಕರಾಗಿದ್ದರು. ಎಣ್ಣೆಯಲ್ಲಿ ಮುಳುಗಿಸಿಟ್ಟ ಸೋಡಿಯಂ ಗಟ್ಟಿಯಿಂದ ಒಂದು ಚೂರು ಕತ್ತರಿಸಿ ಅಂಗೈಯಗಲದ ಕುಲುಮೆಯಲ್ಲಿ ಕಾಯಿಸುವುದು ಅಲ್ಲಿನ ದಿನನಿತ್ಯದ ಕೆಲಸ. ಏಳುವ ಆವಿಯನ್ನು ನೈಟ್ರೋಜನ್ ಗಾಳಿ ಉದ್ದನೆಯ ಕೊಳವೆಯೊಳಕ್ಕೆ ಒಯ್ಯುತ್ತದೆ. ಹಳದಿ ದೀಪ ಹಾಯಿಸಿದರೆ ಆವಿಯೂ ಹಳದಿಯಾಗಿ ಬೆಳಗುತ್ತದೆ. ಅದರೊಳಕ್ಕೆ ಗಂಧಕದ ಡೈಆಕ್ಸೈಡ್ ಅನಿಲ ಬಿಟ್ಟರೆ ಸೋಡಿಯಂ ಪರಮಾಣುಗಳು ಅದರೊಂದಿಗೆ ಕೂಡಿ ಮುಗಿಯುತ್ತಾ ಬರುತ್ತವೆ, ಬೆಳಕು ಮಂಕಾಗುತ್ತದೆ. ಎಷ್ಟು ಅನಿಲಕ್ಕೆ ಎಷ್ಟು ಬೇಗ ಮಂಕಾಯಿತು ಎಂಬುದರಿಂದ ಆ ಕ್ರಿಯೆಯ ವೇಗ ಸಿಗುತ್ತದೆ.

ಎಷ್ಟು ಅನಿಲ ಎಂದು ಹೇಳಬೇಕಾದವರು ಇವರು. ಗೆರೆ ಹಾಕಿದ ಗಾಜಿನ ಕೊಳವೆಯೊಂದನ್ನು ನೆಟ್ಟಗೆ ನಿಲ್ಲಿಸಿರುತ್ತಿದ್ದರು, ಬುಡದಲ್ಲಿ ಸಾಬೂನು ನೀರು. ರಬ್ಬರ್ ಬುರುಡೆ ಅಮುಕಿದರೆ ಸಾಬೂನಿನ ಪೊರೆಯೊಂದು ಹುಟ್ಟಿ, ಹರಿದು ಬರುವ ಅನಿಲದ ಒತ್ತಡಕ್ಕೆ ಮೇಲೇರುತ್ತಿತ್ತು. ಕೆಳಗಿನ ಗೆರೆಯಿಂದ ಮೇಲಿನ ಗೆರೆಗೆ ಎಷ್ಟು ಸೆಕೆಂಡು ಎಂದು ಸ್ಟಾಪ್‌ವಾಚ್ ಒತ್ತುವುದರಲ್ಲಿ ಆ ಹೆಬ್ಬೆರಳಿಗೆ ಸಾಟಿ ಇರಲಿಲ್ಲ. ಹತ್ತು ಸಲ ಅಳೆದರೆ ಹತ್ತೂ ಒಂದೇ. ಹೊಸದಾಗಿ ಬಂದ ವಿದ್ಯಾರ್ಥಿಗಳು ವಾರದೊಳಗೆ ಅವರ ನಿಜವಾದ ಹೆಸರು ಮರೆತು ಗುಳ್ಳೆಯಣ್ಣ ಎನ್ನುತ್ತಿದ್ದರು. ಮದುವೆಯಲ್ಲಿ ತಾಳಿ ಕಟ್ಟುವಾಗಲೂ ಇವರು ಎಷ್ಟು ಸೆಕೆಂಡಾಯಿತೆಂದು ನೋಡಿದ್ದರಂತೆ ಎಂದು ಹುಡುಗರು ಗೇಲಿ ಮಾಡಿದರೆ, ನೋಡಿದ್ದೆ, ಜಾಸ್ತಿನೇ ಆಯ್ತು ಎನ್ನುತ್ತಿದ್ದರು.

ಈ ವರ್ಷ ಅವರು ಅಳೆದುಕೊಟ್ಟದ್ದು ಒಬ್ಬ ಸಂಶೋಧಕಿಗೆ. ನಾಲ್ಕು ವರ್ಷದ ದುಡಿಮೆಯ ಕೊನೆಗೆ ಅವಳಿಗೆ ಸಿಕ್ಕ ವೇಗ, ಬೇರೆ ಕಡೆಯವರು ಪ್ರಕಟಿಸಿದ್ದಕ್ಕಿಂತ ಮೂರನೇ ಒಂದು ಪಾಲು ಹೆಚ್ಚಿತ್ತು. ಆ ಬೇರೆಯವರದೇ ತಪ್ಪು ಎಂದು ವಾದಿಸಿ ಅವಳು ಪ್ರಬಂಧದಲ್ಲಿ ಇಡೀ ಒಂದು ಅಧ್ಯಾಯ ಬರೆದಿದ್ದಳು. ಶುಕ್ರವಾರ ಒಪ್ಪಿಸುವ ದಿನ.

ಅದರ ಹಿಂದಿನ ಭಾನುವಾರ ಗುಳ್ಳೆಯಣ್ಣ ಅಡುಗೆಮನೆಯಲ್ಲಿ ಹಾಲು ಕಾಯಿಸಲು ಕಡ್ಡಿ ಗೀರಿದರು. ಮೂಗಿಗೆ ಗಂಧಕದ ಘಾಟು ಹೊಡೆಯಿತು. ಪ್ರತಿ ಸಂಜೆ ಮುಖ ಆಚೆ ತಿರುಗಿಸಿಕೊಂಡು ಬಚ್ಚಲಿಗೆ ಚೆಲ್ಲುತ್ತಿದ್ದ ಸಾಬೂನು ನೀರಿಗೂ ಇದೇ ಘಾಟು. ನೀರಿಗೆ ಅದು ಎಲ್ಲಿಂದ ಬಂತು? ಅನಿಲ ನೀರಿನಲ್ಲಿ ಕರಗಿರಬೇಕು. ಕರಗಿದಷ್ಟು ಪೊರೆಯನ್ನು ತಳ್ಳಿಲ್ಲ. ಪೊರೆ ನಿಧಾನವಾಗಿ ಏರಿದೆ, ಇವರು ಅನಿಲ ಕಡಿಮೆ ಎಂದು ಬರೆದಿದ್ದಾರೆ. ಕಡಿಮೆ ಅನಿಲಕ್ಕೇ ಇಷ್ಟು ಬೇಗ ಮುಗಿಯಿತೆಂದುಕೊಂಡು ಹುಡುಗಿ ವೇಗವನ್ನು ಹೆಚ್ಚಾಗಿ ಲೆಕ್ಕ ಹಾಕಿದ್ದಾಳೆ. ನೈಟ್ರೋಜನ್ ನೀರಿನ ಗೊಡವೆಗೆ ಹೋಗುವುದಿಲ್ಲ. ಇವರ ಕೈ ಪಳಗಿದ್ದು ಅದರಲ್ಲಿ. ಗಂಧಕದ ಅನಿಲ ಬಂದಾಗಲೂ ಕೈ ತನ್ನ ಪಾಡಿಗೆ ಅದನ್ನೇ ಮಾಡಿತ್ತು.

"ಏನ್ರೀ, ಹಾಲು ಉಕ್ಕಿ ಒಲೆ ಮೇಲೆಲ್ಲ ಹರೀತಿದೆ, ನೀವು ಕಡ್ಡಿ ಮೂಸ್ತಾ ನಿಂತಿದ್ದೀರಲ್ಲ," ಎಂದರು ಹೆಂಡತಿ.

ಸೋಮವಾರ ಹೇಳಬೇಕೆಂದುಕೊಂಡೇ ಹೋದರು. ಹುಡುಗಿ ಪ್ರಬಂಧದ ನಾಲ್ಕು ಪ್ರತಿಗಳನ್ನು ಬೈಂಡಿಗೆ ಕೊಟ್ಟು ನಗುನಗುತ್ತಾ ಬಂದಿದ್ದಳು. ಒಳ್ಳೆಯದಾಯ್ತಮ್ಮ ಎಂದು ಇವರು ಕುಲುಮೆಯ ಕಡೆ ತಿರುಗಿಕೊಂಡರು. ಮಂಗಳವಾರ ಎರಡು ಸಲ ಅವಳ ಮೇಜಿನವರೆಗೆ ಹೋಗಿ ಪೆನ್ನು ಕೇಳಿ ವಾಪಸಾದರು. ತಾನು ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಹಾಗೆ ಯೋಚಿಸಿದೆನಲ್ಲ ಎಂದೇ ಹೆಚ್ಚು ಹೆದರಿದೆ ಎಂದು ಹೆಂಡತಿಯ ಹತ್ತಿರ ಹೇಳಿಕೊಂಡರು.

ಬುಧವಾರ ಅವಳೇ ಬಂದಳು.

"ಅಣ್ಣ, ಕೃತಜ್ಞತೆ ಪುಟದಲ್ಲಿ ನಿಮ್ಮ ಹೆಬ್ಬೆರಳಿಗೆ ಅಂತಲೇ ಒಂದು ಸಾಲು ಬರೆದಿದ್ದೀನಿ."

"ಅದನ್ನ ತೆಗೆದುಬಿಡಮ್ಮ."

"ಯಾಕೆ, ಬರೀ ಹೆಬ್ಬೆರಳಿಗೆ ಅಂದಿದ್ದಕ್ಕೆ ಕೋಪಾನಾ?"

"ಆ ಪೊರೆ ಸುಳ್ಳು ಹೇಳಿದೆ. ನಾನು ನಂಬಿ ನಿನಗೆ ಕೊಟ್ಟೆ."

ಎಲ್ಲವನ್ನೂ ಹೇಳಿದರು. ಅವಳು ಸಾಬೂನು ನೀರಿನ ಬಟ್ಟಲನ್ನು ಎತ್ತಿ ಮೂಸಿ, ಮೆಲ್ಲಗೆ ಕೆಳಗಿಟ್ಟಳು. ಬೈದಿದ್ದರೆ ಅವರಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಕೇಳಿದ್ದು ಇಷ್ಟೇ: "ಎಷ್ಟು ತಪ್ಪಿದೆ?"

"ಅಳೀದೆ ಹೇಳಲಾರೆ ಮಗಳೇ. ನಾಳೆ ಬೆಳಿಗ್ಗೆ ಬೇಗ ಬಾ."

ಗುರುವಾರ ನೀರಿನ ಸೋಂಕೇ ಇಲ್ಲದ ದಾರಿ ಹಿಡಿದರು. ಇಷ್ಟೇ ಹಿಡಿಯುತ್ತದೆ ಎಂದು ಗೊತ್ತಿರುವ ಗಾಜಿನ ಬುರುಡೆಯ ಗಾಳಿಯನ್ನೆಲ್ಲ ಪಂಪಿನಿಂದ ಎಳೆದು, ಗಂಧಕದ ಅನಿಲವನ್ನು ಅದರೊಳಕ್ಕೆ ಬಿಟ್ಟು, ನಿಮಿಷಕ್ಕೆ ಒತ್ತಡ ಎಷ್ಟೇರಿತು ಎಂದು ಬರೆದುಕೊಂಡರು. ಅಂದು ಮಾತ್ರ ಸ್ಟಾಪ್‌ವಾಚನ್ನು ಅವಳ ಕೈಗೆ ಕೊಟ್ಟರು. ಎಂಟು ಸಲ ಅಳೆದರು. ಮೂರು ಪಾಲು ಎಂದು ಬರೆದಿದ್ದಲ್ಲೆಲ್ಲ ನಿಜವಾಗಿ ನಾಲ್ಕು ಪಾಲು ಹರಿದಿತ್ತು. ಅವಳು ಅಲ್ಲೇ ಕೂತು ಹೊಸದಾಗಿ ಲೆಕ್ಕ ಹಾಕಿದಳು. ಉತ್ತರ ಬೇರೆಯವರ ಸಂಖ್ಯೆಯ ಪಕ್ಕಕ್ಕೇ ಬಂದು ಕೂತಿತು.

"ಹಾಗಾದ್ರೆ ಅವರು ಸರಿ," ಎಂದಳು.

"ಈಗ ನೀನೂ ಸರಿ."

ಅವಳು ಅಳುನಗೆ ನಕ್ಕು, ಆ ಅಧ್ಯಾಯ ಕಿತ್ತುಹಾಕಲು ಬೈಂಡಿಂಗಿನವನ ಹತ್ತಿರ ಓಡಿದಳು. ಒಪ್ಪಿಸಲು ಇನ್ನೆರಡು ವಾರ ಬೇಡಿದರಾಯಿತು ಎಂದು ಬಾಗಿಲಿನಿಂದಲೇ ಕೂಗಿ ಹೇಳಿದಳು.

ಗುಳ್ಳೆಯಣ್ಣ ಸಿಲಿಂಡರಿನ ಕವಾಟ ಮುಚ್ಚಿದರು. ಹಳೆಯ ಪುಸ್ತಕ ತೆರೆದು ತಾವು ಬರೆದಿದ್ದ ಅಂಕಿಗಳ ಮೇಲೆ, ಓದಲು ಕಾಣುವ ಹಾಗೆ ಒಂದೇ ಒಂದು ಗೆರೆ ಎಳೆದು, ಪಕ್ಕದಲ್ಲಿ ಹೊಸ ಅಂಕಿ ಬರೆದು ಸಹಿ ಹಾಕಿದರು. ಆಮೇಲೆ ಸಾಬೂನಿನ ಕೊಳವೆಯನ್ನು ಕಳಚಿ ತೊಳೆದು ಒರೆಸಿ, ರಟ್ಟಿನ ಚೂರೊಂದರ ಮೇಲೆ "ಗಂಧಕಕ್ಕೆ ಬಳಸಬೇಡಿ" ಎಂದು ದಪ್ಪಕ್ಷರದಲ್ಲಿ ಬರೆದು, ಕೊಳವೆಯ ಕತ್ತಿಗೆ ದಾರದಿಂದ ಕಟ್ಟಿ, ಜಾರದ ಹಾಗೆ ಎರಡು ಗಂಟು ಹಾಕಿದರು.